ಬರವನ್ನು ಅಳೆಯುವ ಬಗೆ

ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ಬರ ಬಂದೀತೆಂದರೆ ನಂಬುವವರು ಕಡಮೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ ವಾಡಿಕೆಯಷ್ಟೆ! ಆದರೂ ೨೦೨೩ನೆಯ ಇಸವಿಯಲ್ಲಿ ಕರ್ನಾಟಕ ಸರ್ಕಾರವು ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಿದಾಗ, ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿ ಸೇರಿದ್ದುವು.

ಇದು ವಿರೋಧದಂತೆ ತೋರಿದರೂ ವಿರೋಧವಲ್ಲ. ಬರವೆಂಬುದು ಮಳೆಯ ಮೊತ್ತದ ಮಾತಲ್ಲ. ಆಯಾ ಸ್ಥಳದ ವಾಡಿಕೆಯಲ್ಲಿ ಬಿದ್ದ ಕೊರತೆಯ ಮಾತು. ಚಿತ್ರದುರ್ಗದ ರೈತನಿಗೆ ಸಮೃದ್ಧಿಯೆನಿಸುವ ಮಳೆ ತೀರ್ಥಹಳ್ಳಿಯ ಅಡಕೆ ತೋಟಕ್ಕೆ ಸಾಲದು. ಏಕೆಂದರೆ ಗಿಡ, ಕೆರೆ, ಒಕ್ಕಲುತನಗಳೆಲ್ಲವೂ ಆಯಾ ಊರಿನ ವಾಡಿಕೆಯನ್ನೇ ನಂಬಿ ನಿಂತಿವೆ.

ಹಾಗಾದರೆ ಲೋಕದ ಬರಗಳನ್ನೆಲ್ಲ ಒಂದೇ ಕೋಲಿನಿಂದ ಅಳೆಯುವುದೆಂತು? ೧೯೯೩ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾನಿಲಯದ ಮ್ಯಾಕೀ ಮೊದಲಾದ ವಿದ್ವಾಂಸರು ಒಂದು ಸೂಚ್ಯಂಕವನ್ನು ಮುಂದಿಟ್ಟರು. ಒಂದು ಸ್ಥಳದ ಹಲವು ದಶಕಗಳ ಮಳೆಯ ಲೆಕ್ಕವನ್ನಿಟ್ಟುಕೊಂಡು, ಈ ಸಲದ ಮಳೆ ಆ ಸಾಲಿನಲ್ಲಿ ಎಷ್ಟು ಅಪರೂಪವಾದುದೆಂದು ಅದು ಹೇಳುತ್ತದೆ. ಸೊನ್ನೆಯೆಂದರೆ ವಾಡಿಕೆ, ಸೊನ್ನೆಯಿಂದ ಒಂದು ಕೆಳಗಿಳಿದರೆ ಬರ, ಎರಡು ಇಳಿದರೆ ಘೋರ ಬರ. ೨೦೦೯ರಲ್ಲಿ ಲಿಂಕನ್ ನಗರದಲ್ಲಿ ನೆರೆದ ತಜ್ಞರು, ಎಲ್ಲ ದೇಶಗಳ ಹವಾಮಾನ ಇಲಾಖೆಗಳೂ ಇದನ್ನು ಬಳಸತಕ್ಕದ್ದೆಂದು ಶಿಫಾರಸು ಮಾಡಿದರು.

ಆದರೆ ಮಳೆ ವರಮಾನ ಮಾತ್ರ. ಖರ್ಚಿನ ಲೆಕ್ಕ ಬೇಡವೆ? ಬಿಸಿಲು ಏರಿದಂತೆಲ್ಲ ನೆಲವೂ ಎಲೆಯೂ ಹೆಚ್ಚು ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತವೆ. ೨೦೧೦ರಲ್ಲಿ ಸ್ಪೇನಿನ ವಿಸೆಂತೆ ಸೆರ್ರಾನೊ ಮತ್ತು ಸಂಗಡಿಗರು, ಉಷ್ಣತೆಯಿಂದ ಈ ನಷ್ಟವನ್ನು ಅಂದಾಜುಮಾಡಿ, ಅದನ್ನು ಮಳೆಯಿಂದ ಕಳೆದು, ಉಳಿಕೆಯನ್ನು ಅಳೆಯುವ ಕ್ರಮವನ್ನು ತಂದರು. ಎರಡು ವರ್ಷಗಳ ಮಳೆ ಸಮನಾಗಿದ್ದರೂ, ಹೆಚ್ಚು ಬೆಂದ ವರ್ಷದ ಬರವೇ ಹಿರಿದೆಂದು ಇದು ತೋರಿಸಬಲ್ಲುದು.

ಅವಧಿಯೂ ಮುಖ್ಯ. ಒಂದು ತಿಂಗಳ ಲೆಕ್ಕ ಮೆಕ್ಕೆಜೋಳದ ಬೇರಿನ ತೇವವನ್ನು ಸೂಚಿಸಿದರೆ, ಹನ್ನೆರಡು ತಿಂಗಳ ಲೆಕ್ಕ ಲಕ್ಕವಳ್ಳಿಯ ಭದ್ರಾ ಜಲಾಶಯದ ಸ್ಥಿತಿಗೆ ಹತ್ತಿರವಾದುದು. ೧೮೬ ಅಡಿಯ ಪೂರ್ಣಮಟ್ಟಕ್ಕೆ ನೀರು ಬಹುವಾಗಿ ಕಡಮೆಬಿದ್ದರೆ, ನಡುವೆ ಒಂದು ಹದಮಳೆ ಬಿದ್ದು ಪೈರು ಹಸುರಾದರೂ, ಬೇಸಗೆಯಲ್ಲಿ ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟುವುದು ದುರ್ಲಭ.

ಇದು ಪಂಡಿತರ ಗಣಿತವಷ್ಟೇ ಅಲ್ಲ. ಭಾರತ ಸರ್ಕಾರದ ೨೦೧೬ರ ಬರ ಕೈಪಿಡಿಯಂತೆ, ಮೊದಲು ಮಳೆಯ ಕೊರತೆಯನ್ನೂ ಮಳೆಯಿಲ್ಲದ ವಾರಗಳನ್ನೂ ಎಣಿಸಿ, ಬಳಿಕ ಬೆಳೆ, ನೆಲದ ತೇವ, ಜಲಾಶಯಗಳನ್ನು ಪರೀಕ್ಷಿಸುತ್ತಾರೆ. ಆ ಅಂಕಿಯ ಗೆರೆಯೇ ಒಂದು ತಾಲ್ಲೂಕಿನ ರೈತನನ್ನು ಪರಿಹಾರಕ್ಕೆ ಅರ್ಹನನ್ನಾಗಿ ಮಾಡಿ, ನೆರೆಯ ತಾಲ್ಲೂಕಿನವನನ್ನು ಹೊರಗಿಡಬಹುದು. ಲೋಕದ ಬರ ನಕ್ಷೆಗಳಲ್ಲಿ ಸಾಮಾನ್ಯವಾಗಿ ಒಂದೊಂದು ಚೌಕದ ಪಕ್ಕ ಸುಮಾರು ೫೫ ಕಿಲೋಮೀಟರು. ಮಲೆನಾಡಿನಲ್ಲಾದರೋ ಅಷ್ಟರೊಳಗೆ ಕಾಡು ಮುಗಿದು ಬಯಲು ತೊಡಗುತ್ತದೆ! ಆದುದರಿಂದಲೇ ಕರ್ನಾಟಕವು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿರುವುದು ದೊಡ್ಡ ಉಪಕಾರ. ಹಳ್ಳಿಯ ಮಾಪಕದ ಲೆಕ್ಕ ತಪ್ಪಿದಲ್ಲಿ, ಲೋಕದ ಯಾವ ಸೂತ್ರವೂ ಆ ಹಳ್ಳಿಯ ನೆರವಿಗೆ ಬಾರದು.