ಯಂತ್ರ ಬದಲಾದರೆ ಲೆಕ್ಕ ಬದಲಾಗುವುದೇ?

ಯಂತ್ರಭಾಗಗಳ ವಿನ್ಯಾಸಕ್ಕೆ ನಮ್ಮ ಸದಸ್ಯರು ಬಳಸುವ ತಂತ್ರಾಂಶಗಳು ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುತ್ತವೆ. ಈ ಕೆಲಸ ಹಲವು ವೇಳೆ 1979ರಲ್ಲಿ ಪ್ರಕಟವಾದ 'ಬ್ಲಾಸ್', 1992ರ 'ಲ್ಯಾಪ್ಯಾಕ್' ಎಂಬ ಸಿದ್ಧ ಗಣಿತ ಸಂಗ್ರಹಗಳ ಪಾಲಿಗೆ ಬರುತ್ತದೆ. ಬ್ಲಾಸ್‌ನ ಆಜ್ಞೆಗಳು ಎಲ್ಲೆಡೆ ಒಂದೇ. ಆದರೆ ವೇಗ ಬೇಕಾದರೆ ಅದರ ಒಳಭಾಗವನ್ನು ಇಂಟೆಲ್, ಆರ್ಮ್, ಪವರ್ ಪ್ರೊಸೆಸರುಗಳಿಗೆ ಬೇರೆ ಬೇರೆಯಾಗಿ ಬರೆಯಬೇಕು. 2011ರಲ್ಲಿ ಆರಂಭವಾದ 'ಓಪನ್‌ಬ್ಲಾಸ್' ಮಾಡುತ್ತಿರುವುದು ಇದನ್ನೇ. ಹೊಸ ಪ್ರೊಸೆಸರು ಬಂದಂತೆಲ್ಲ ಇದು ಮರುಕಳಿಸುವ ವೆಚ್ಚವೇ ಹೊರತು ಒಮ್ಮೆ ಹೂಡಿ ಮರೆಯುವ ಬಂಡವಾಳವಲ್ಲ.

ತೊಡಕು ಇರುವುದು ಕೂಡುವ ಕ್ರಮದಲ್ಲಿ. ಗಣಕಯಂತ್ರವು ಸಾಮಾನ್ಯವಾಗಿ ಸುಮಾರು 16 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಒಂದರ ಮುಂದೆ 16 ಸೊನ್ನೆಗಳಿರುವ ಸಂಖ್ಯೆಗೆ 1 ಕೂಡಿಸಿ, ಬಳಿಕ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಉತ್ತರ 0. ಮೊದಲು ಕಳೆದು ಅನಂತರ ಕೂಡಿಸಿದರೆ 1. ಪ್ರೊಸೆಸರು ಬದಲಾದಾಗ ಕ್ರಮವೂ ಬದಲಾಗಿ, ಕೊನೆಯ ಅಂಕಿಗಳು ವ್ಯತ್ಯಾಸಗೊಳ್ಳಬಹುದು. ತಾಳೆಪಟ್ಟಿಯಲ್ಲಿ ಒಂದು ಪೈಸೆಯನ್ನೂ ಬಿಡದ ನಮ್ಮಂಥ ಲೆಕ್ಕಪರಿಶೋಧಕರಿಗೆ ಇದು ಒಗ್ಗದ ಮಾತು; ಆದರೂ ದೋಷವಲ್ಲ. ಆದ್ದರಿಂದಲೇ ಲ್ಯಾಪ್ಯಾಕ್‌ನ ಪರೀಕ್ಷೆಗಳು ಉತ್ತರವನ್ನು ಸಮೀಕರಣಕ್ಕೆ ಮರಳಿ ಹಾಕಿ, ಉಳಿಯುವ ಶೇಷವು ಮಿತಿಯೊಳಗಿದೆಯೇ ಎಂದು ನೋಡುತ್ತವೆ.

ಹೊಸ ಗಣಕಯಂತ್ರ ಕೊಂಡವರು ಹಳೆಯ ವಿನ್ಯಾಸವೊಂದನ್ನು ಎರಡರಲ್ಲೂ ನಡೆಸಿ ನೋಡತಕ್ಕದ್ದು. ಮೊದಲ ಮೂರು ಅಂಕಿಗಳೇ ಬೇರೆಯಾದರೆ ತಂತ್ರಾಂಶ ಮಾರಿದವರಿಂದ ಲಿಖಿತ ವಿವರಣೆ ಕೇಳಬೇಕು. ಅದು ಕೈಸೇರುವವರೆಗೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಬಾರದು.