ಚಾಕಿ ಕೇಂದ್ರ ಹಾಕುವವರಿಗೆ: ಒಬ್ಬ ರೈತರು ನಿಮ್ಮಲ್ಲಿ ಎಷ್ಟು ಬೆಳೆ ಉಳಿಯುತ್ತಾರೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಚಾಕಿ ಕೇಂದ್ರ ಹಾಕಬೇಕು ಅಂತ ಕೇಳಿಕೊಂಡು ಬರುವ ಯುವಕರು ಶೆಡ್ಡು, ಟ್ರೇ, ಸೊಪ್ಪು, ಸಾಲ ಎಲ್ಲದರ ಲೆಕ್ಕ ತಂದಿರುತ್ತಾರೆ. ನಾನು ಕೇಳುವುದು ಇನ್ನೊಂದು ಲೆಕ್ಕ: ಒಂದು ಸಲ ನಿಮ್ಮಲ್ಲಿ ಚಾಕಿ ಹುಳು ಒಯ್ದ ರೈತರು ಎಷ್ಟು ಸಲ ಮತ್ತೆ ಬರುತ್ತಾರೆ? ಒಬ್ಬ ಗಿರಾಕಿಯಿಂದ ಒಟ್ಟು ಸಿಗುವ ಲಾಭ ನಿಂತಿರುವುದೇ ಇದರ ಮೇಲೆ.

ಚಾಕಿ ವ್ಯಾಪಾರದ ಗುಣವೇ ಹಾಗೆ. ಮೊಟ್ಟೆ ಒಡೆದ ಮರಿಗಳನ್ನು ಏಳೆಂಟು ದಿನ ಸಾಕಿ, ಎರಡನೇ ಜ್ವರದ ಹೊತ್ತಿಗೆ ರೈತರ ಕೈಗೆ ಕೊಡುತ್ತೀರಿ. ನೂರು ಮೊಟ್ಟೆ ಅಂದರೆ ಸುಮಾರು 40–50 ಸಾವಿರ ಹುಳು. ನೀರಿದ್ದ ರೈತರು ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತಾರೆ. ಅಂದರೆ ವರ್ಷಕ್ಕೆ ಐದಾರು ಸಲ ಅವರು ನಿಮ್ಮನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಅಂತ ತೀರ್ಮಾನ ಮಾಡುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿನ ಅಂಕಿ ಬರೀ ಉದಾಹರಣೆ, ನಿಮ್ಮದನ್ನು ಹಾಕಿಕೊಳ್ಳಿ. ನೂರು ಮೊಟ್ಟೆಯ ಚಾಕಿಗೆ 3,000 ರೂ. ದರ. ಮೊಟ್ಟೆ, ಸೊಪ್ಪು, ಕೂಲಿ, ಸೋಂಕು ನಿವಾರಕ ಸೇರಿ ಖರ್ಚು 2,400. ಉಳಿಯುವುದು 600. ಒಬ್ಬ ರೈತರು ಬೆಳೆಗೆ 150 ಮೊಟ್ಟೆ ಒಯ್ದರೆ ನಿಮಗೆ 900 ರೂ.

ಮೊದಲ ಬೆಳೆಗೆ 20 ಜನ ಬಂದರು, ಎರಡನೇ ಬೆಳೆಗೆ ಅವರಲ್ಲಿ 16 ಜನ ಉಳಿದರು ಅನ್ನಿ. ಐವರಲ್ಲಿ ಒಬ್ಬರು ಕಳಚಿಕೊಂಡರು. ಮುಂದೆಯೂ ಇದೇ ರೀತಿ ನಡೆದರೆ ಒಬ್ಬ ರೈತರು ಸರಾಸರಿ 5 ಬೆಳೆ ಇರುತ್ತಾರೆ. ಅವರಿಂದ ಒಟ್ಟು 4,500 ರೂ. ಅದೇ 18 ಜನ ಉಳಿದಿದ್ದರೆ? ಹತ್ತರಲ್ಲಿ ಒಬ್ಬರು ಮಾತ್ರ ಹೋಗುತ್ತಾರೆ, ಸರಾಸರಿ 10 ಬೆಳೆ, 9,000 ರೂ. ಬರೀ ಇಬ್ಬರು ಹೆಚ್ಚು ಉಳಿದಿದ್ದಕ್ಕೆ ಪ್ರತಿ ರೈತರ ಬೆಲೆ ಎರಡು ಪಟ್ಟಾಯಿತು. ದರ 100 ರೂ. ಏರಿಸಿದರೂ ಇಷ್ಟು ಲಾಭ ಬರುವುದಿಲ್ಲ.

ಈ ಅಂಕಿ ಇದ್ದರೆ ಮೂರು ತೀರ್ಮಾನ ಸುಲಭ.

ಒಂದು, ಹೊಸಬರನ್ನು ಕರೆತರುವ ಖರ್ಚು. 4,500 ಕೊಡುವ ಗಿರಾಕಿಗೆ ಮೊದಲ ಸಲ 300 ರೂ. ರಿಯಾಯಿತಿ ಕೊಡಬಹುದು, 2,000 ಕೊಟ್ಟರೆ ಕಷ್ಟ.

ಎರಡು, ಹುಳು ಹಾಳಾದಾಗ. "ಅಣ್ಣಾ, ಈ ಸಲ ಹುಳು ಸರಿಯಾಗಿ ಏಳ್ಲಿಲ್ಲ" ಅಂತ ಫೋನು ಬಂದರೆ ಮೊದಲು ಹೋಗಿ ನೋಡಿ. ಹಾಲುತೊಂಡೆಯೋ ಸಪ್ಪೆ ರೋಗವೋ, ತಪ್ಪು ಯಾರ ಮನೆಯದು ಅಂತ ಗೊತ್ತಾಗಲಿ. ನಿಮ್ಮದೇ ಆದರೆ 150 ಮೊಟ್ಟೆಯ ಚಾಕಿ ಮತ್ತೆ ಕೊಡಲು ಖರ್ಚು 3,600. ಮುಂದೆ ಬರಬೇಕಾದ ಲಾಭ ಇದಕ್ಕಿಂತ ಹೆಚ್ಚು. ಅವರ ಜೊತೆ ಅಕ್ಕಪಕ್ಕದವರೂ ಬಿಟ್ಟು ಹೋಗುವುದು ತಪ್ಪುತ್ತದೆ.

ಮೂರು, ದೂರದ ಊರು. ಚಾಕಿ ಹುಳುವನ್ನು ತಂಪು ಹೊತ್ತಿನಲ್ಲೇ ಸಾಗಿಸಬೇಕು. ಶಿಡ್ಲಘಟ್ಟದಿಂದ ಗೌರಿಬಿದನೂರಿಗೆ ಕಳಿಸಿದರೆ ಬಾಡಿಗೆ ಕಳೆದು 600ರಲ್ಲಿ ಎಷ್ಟು ಉಳೀತು ಅಂತ ಬೇರೆ ಬರೆದಿಡಿ.

ಬಿಟ್ಟವರೆಲ್ಲ ನಿಮ್ಮ ಮೇಲೆ ಬೇಸರದಿಂದ ಬಿಟ್ಟವರಲ್ಲ. ಬೋರ್‌ವೆಲ್ ಬತ್ತಿ ಹಿಪ್ಪುನೇರಳೆ ಕಿತ್ತವರು, ಟೊಮೆಟೊಗೋ ಹೂವಿಗೋ ಹೋದವರು ಇರುತ್ತಾರೆ. ಕಾರಣ ಕೇಳಿ ಬರೆದುಕೊಳ್ಳಿ. ಉದ್ರಿ ಬಾಕಿಯನ್ನೂ ಲಾಭಕ್ಕೆ ಸೇರಿಸಬೇಡಿ. ಗೂಡು ಮಾರಿ ದುಡ್ಡು ಕೈಗೆ ಬಂದ ಮೇಲೆ ಸೇರಿಸಿ.

ಒಂದು ನೋಟ್‌ಬುಕ್ ಸಾಕು: ರೈತರ ಹೆಸರು, ಊರು, ಒಯ್ದ ಮೊಟ್ಟೆ, ಬಂದ ಗೂಡು, ಮತ್ತೆ ಬಂದರೋ ಇಲ್ಲವೋ. ಒಂದೇ ಬೆಳೆಯ ಅಂಕಿ ನಂಬಬೇಡಿ. ಮೂರು ಬೆಳೆ ಆದ ಮೇಲೆ ಮತ್ತೆ ಲೆಕ್ಕ ಹಾಕಿ, ಆಮೇಲಷ್ಟೇ ಎರಡನೇ ಶೆಡ್ಡಿಗೆ ಸಾಲ ಕೇಳಿ.