ಉಪಾಧ್ಯಾಯಿನಿಯಾಗಿ, ಶಾಸನಕರ್ತೆಯಾಗಿ: ಶ್ರೀಮತಿ ದಾಕ್ಷಾಯಣಿ ವೇಲಾಯುಧನ್

ಮಕ್ಕಳಿಗೆ ವಿದ್ಯೆ ಕಲಿಸುವುದನ್ನು ಬಡವೃತ್ತಿಯೆಂದು ಎಣಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಅದರಲ್ಲಿ ಶ್ರಮ ಬಹಳ, ಸಂಬಳ ಸ್ವಲ್ಪ. ಕೀರ್ತಿಯಂತೂ ಊರಿನ ಗಡಿಯನ್ನು ದಾಟುವುದೇ ಅಪರೂಪ. ಅಂತಹ ವೃತ್ತಿಯಿಂದ ಹೊರಟು, ಭಾರತದ ರಾಜ್ಯಾಂಗವನ್ನು ರಚಿಸಿದ ಮಹಾಸಭೆಯಲ್ಲಿ ಕುಳಿತು, ಹೆಸರಾಂತ ನ್ಯಾಯವಾದಿಗಳ ನಡುವೆ ಅಳುಕದೆ ತಮ್ಮ ಮಾತನ್ನಾಡಿದ ಮಹಿಳೆಯೊಬ್ಬರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಶ್ರೀಮತಿ ದಾಕ್ಷಾಯಣಿಯವರು 1912ರಲ್ಲಿ ಕೊಚ್ಚಿ ಸಂಸ್ಥಾನದ ಮುಳವುಕಾಡು ಎಂಬ ದ್ವೀಪದಲ್ಲಿ, ಪುಲಯರ ಕುಲದಲ್ಲಿ ಜನಿಸಿದರು. ಇತರರ ಗದ್ದೆಗಳಲ್ಲಿ ದುಡಿದು ನಾಡಿಗೆ ಅನ್ನವನ್ನು ಬೆಳೆದುಕೊಡುತ್ತಿದ್ದ ಈ ಜನರಿಗೆ ಅಂದು ಎಲ್ಲರೂ ನಡೆಯುವ ದಾರಿಯಲ್ಲಿ ನಡೆಯುವ ಹಕ್ಕಿರಲಿಲ್ಲ. ಅವರ ಹೆಂಗಸರಿಗೆ ಮೈತುಂಬ ವಸ್ತ್ರ ಧರಿಸುವ ಸ್ವಾತಂತ್ರ್ಯವೂ ಇರಲಿಲ್ಲ. 1913ರಲ್ಲಿ ಇವರು ಒಂದು ಸಭೆ ಸೇರಬೇಕೆಂದಾಗ, ನೆಲದ ಮೇಲೆ ಕೂಡಲು ಅವಕಾಶ ದೊರೆಯದೆ, ಕೊಚ್ಚಿಯ ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಅವುಗಳ ಮೇಲೆಯೇ ಸಭೆ ನಡೆಸಿದರು. ದಾಕ್ಷಾಯಣಿಯವರ ಬಂಧುಗಳೂ ಈ ಚಳವಳಿಯ ಮುಂದಾಳುಗಳಾಗಿದ್ದರು. ಆ ಕುಲದ ಹೆಣ್ಣುಮಕ್ಕಳಿಗೆ ಅಳಕಿ, ಚಕ್ಕಿ, ಕಾಳಿ ಎಂಬ ಹೆಸರುಗಳನ್ನಿಡುವುದೇ ರೂಢಿಯಾಗಿದ್ದ ಕಾಲದಲ್ಲಿ, ಮಗಳಿಗೆ ದಕ್ಷಕನ್ಯೆಯ ಹೆಸರನ್ನಿಟ್ಟುದೂ ಒಂದು ಧೈರ್ಯವೇ ಸರಿ.

ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಇವರು ಎರ್ನಾಕುಲದ ಮಹಾರಾಜಾ ಕಾಲೇಜಿನಲ್ಲಿ ವಿಜ್ಞಾನವನ್ನು ಓದಿದರು. ಅಲ್ಲಿಯೂ ಜಾತಿಯು ಬೆನ್ನು ಬಿಡಲಿಲ್ಲ. ರಸಾಯನಶಾಸ್ತ್ರದ ಪ್ರಯೋಗಗಳನ್ನು ಇವರಿಗೆ ಹತ್ತಿರದಿಂದ ತೋರಿಸಲು ಉಪಾಧ್ಯಾಯರೊಬ್ಬರು ಒಪ್ಪಲಿಲ್ಲವಂತೆ. ದೂರ ನಿಂತು ನೋಡಿಯೇ ಇವರು ಕಲಿತರು. 1935ರಲ್ಲಿ ಪದವಿ ದೊರೆಯಿತು. ಭಾರತದ ದಲಿತ ಮಹಿಳೆಯರಲ್ಲಿ ಮೊದಲ ಪದವೀಧರೆಯೆಂಬ ಗೌರವ ಇವರಿಗೆ ಸಲ್ಲುತ್ತದೆ. ಆಮೇಲೆ ಮದ್ರಾಸಿನಲ್ಲಿ ಉಪಾಧ್ಯಾಯ ಶಿಕ್ಷಣವನ್ನೂ ಪಡೆದರು. 1935ರಿಂದ 1945ರವರೆಗೆ ತ್ರಿಶ್ಶೂರು, ತೃಪ್ಪೂಣಿತ್ತುರ ಮೊದಲಾದೆಡೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕೆಲಸಮಾಡಿದರು. ತಮಗೆ ಹತ್ತಿರ ನಿಲ್ಲಲು ಬಿಡದಿದ್ದ ವಿದ್ಯೆಯನ್ನು ಎಲ್ಲ ಜಾತಿಯ ಮಕ್ಕಳ ಹತ್ತಿರ ನಿಂತು ಹೇಳಿಕೊಟ್ಟರು.

1940ರಲ್ಲಿ ವಾರ್ಧಾದ ಸೇವಾಗ್ರಾಮದಲ್ಲಿ, ಗಾಂಧೀಜಿ ಮತ್ತು ಕಸ್ತೂರಿಬಾ ಅವರ ಸಮ್ಮುಖದಲ್ಲಿ, ಶ್ರೀ ಆರ್. ವೇಲಾಯುಧನ್ ಅವರೊಡನೆ ಇವರ ವಿವಾಹವಾಯಿತು. ಕುಷ್ಠರೋಗಿಯೊಬ್ಬರು ಪೌರೋಹಿತ್ಯ ವಹಿಸಿದ್ದರು. 1945ರಲ್ಲಿ ಇವರು ಕೊಚ್ಚಿಯ ಶಾಸನಸಭೆಗೆ ನೇಮಕಗೊಂಡರು. ಮರುವರ್ಷವೇ ಮದ್ರಾಸ್ ಪ್ರಾಂತದಿಂದ ರಾಜ್ಯಾಂಗ ರಚನಾಸಭೆಗೆ ಚುನಾಯಿತರಾದರು. ನಮ್ಮ ದಕ್ಷಿಣ ಕನ್ನಡವೂ ಬಳ್ಳಾರಿಯೂ ಅಂದು ಅದೇ ಪ್ರಾಂತಕ್ಕೆ ಸೇರಿದ್ದುವು. ಆ ಸಭೆಯಲ್ಲಿದ್ದ ಹದಿನೈದು ಮಂದಿ ಮಹಿಳೆಯರಲ್ಲಿ ದಲಿತ ಮಹಿಳೆಯೆಂದರೆ ಇವರೊಬ್ಬರೇ. ವಯಸ್ಸು ಆಗ ಕೇವಲ ಮೂವತ್ತನಾಲ್ಕು.

ಸಭೆಯಲ್ಲಿ ಇವರು ಯಾರ ನೆರಳಾಗಿಯೂ ನಿಲ್ಲಲಿಲ್ಲ. ಈ ಸಭೆಯು ಜನರಿಗೆ ಬರಿಯ ರಾಜ್ಯಾಂಗವನ್ನಲ್ಲದೆ ಹೊಸ ಬಾಳಿನ ಕಟ್ಟನ್ನೂ ಕೊಡಬೇಕೆಂದು 1946ರ ಡಿಸೆಂಬರಿನಲ್ಲಿ ನುಡಿದರು. ಪ್ರತ್ಯೇಕ ಮತಕ್ಷೇತ್ರಗಳ ವಿಚಾರ 1947ರ ಆಗಸ್ಟಿನಲ್ಲಿ ಬಂದಾಗ ಅದನ್ನು ವಿರೋಧಿಸಿ, ಅನ್ನಕ್ಕಾಗಿ ಇನ್ನೊಬ್ಬರ ಆಳಾಗಿರುವವನಿಗೆ ಕ್ಷೇತ್ರ ಪ್ರತ್ಯೇಕವಾದರೇನು, ಜಂಟಿಯಾದರೇನು ಎಂಬ ಅರ್ಥದ ಮಾತನ್ನಾಡಿದರು. ರಾಜ್ಯಾಂಗದ ಕರಡಿನಲ್ಲಿ ಅಧಿಕಾರವೆಲ್ಲ ಕೇಂದ್ರದಲ್ಲಿ ಕೂಡಿಕೊಂಡಿದೆಯೆಂದು 1948ರ ನವೆಂಬರಿನಲ್ಲಿ ಆಕ್ಷೇಪಿಸಿದರು.

ಅದೇ ತಿಂಗಳ 29ರಂದು ಅಸ್ಪೃಶ್ಯತೆಯನ್ನು ತೊಡೆದುಹಾಕುವ ವಿಧಿಯು ಸಭೆಯ ಮುಂದೆ ಬಂದಿತು. ಇಂದು ಅದು ರಾಜ್ಯಾಂಗದ 17ನೆಯ ವಿಧಿ. ಹುಟ್ಟಿನಿಂದಲೇ ಆ ನೋವನ್ನುಂಡವರು ಆ ದಿನ ವಿಜಯೋತ್ಸಾಹದಿಂದ ಮೈಮರೆತಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ದಾಕ್ಷಾಯಣಿಯವರು ವಿಧಿಯನ್ನು ಸ್ವಾಗತಿಸಿದರು. ಆದರೆ ಅದರ ಸಾಫಲ್ಯವು ಶಾಸನವನ್ನು ನಡೆಸುವ ಬಗೆಗಿಂತ ಮುಂದೆ ಜನರು ನಡೆದುಕೊಳ್ಳುವ ರೀತಿಯಲ್ಲಿದೆ ಎಂದು ಎಚ್ಚರಿಸಲು ಮರೆಯಲಿಲ್ಲ.

ಇದು ಉಪಾಧ್ಯಾಯಿನಿಯ ಮಾತೆಂದೇ ನಮಗೆ ತೋರುತ್ತದೆ. ಶಾಲೆಯ ನಿಯಮವನ್ನು ಹಲಗೆಯ ಮೇಲೆ ಬರೆಯಲು ಒಂದು ನಿಮಿಷ ಸಾಕು. ಅದು ಹುಡುಗರ ನಡತೆಯಾಗಲು ವರ್ಷಗಳು ಬೇಕು. ಹತ್ತು ವರ್ಷ ಪಾಠ ಹೇಳಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಹಾಗೆಂದು ನಿಯಮವು ವ್ಯರ್ಥವೆಂದು ಅವರು ಭಾವಿಸಲಿಲ್ಲ. ನಿಯಮಕ್ಕೂ ನಡತೆಗೂ ಇರುವ ದೂರವನ್ನು ಮಾತ್ರ ಬಲ್ಲವರಾಗಿದ್ದರು.

ರಾಜ್ಯಾಂಗವು 1950ರಲ್ಲಿ ಜಾರಿಗೆ ಬಂದ ಮೇಲೆ, 1952ರವರೆಗಿದ್ದ ಹಂಗಾಮಿ ಪಾರ್ಲಿಮೆಂಟಿನಲ್ಲಿ ಪತಿಪತ್ನಿಯರಿಬ್ಬರೂ ಸದಸ್ಯರಾಗಿದ್ದರು. ಅನಂತರ ದಾಕ್ಷಾಯಣಿಯವರಿಗೆ ಪಾರ್ಲಿಮೆಂಟಿನ ಸ್ಥಾನವು ದೊರೆಯದಿದ್ದರೂ ಸಮಾಜಕಾರ್ಯವು ನಿಲ್ಲಲಿಲ್ಲ. 1977ರಲ್ಲಿ ದೆಹಲಿಯಲ್ಲಿ ಮಹಿಳಾ ಜಾಗೃತಿ ಪರಿಷತ್ತನ್ನು ಸ್ಥಾಪಿಸಿದರು. 1978ರ ಜುಲೈ ತಿಂಗಳಲ್ಲಿ ಇಹಲೋಕವನ್ನು ತ್ಯಜಿಸಿದರು.

ಆ ವಿಧಿ ಅಂಗೀಕೃತವಾಗಿ ಮುಕ್ಕಾಲು ಶತಮಾನ ಸಂದಿದೆ. ಆದರೂ ಮನೆಗೆಲಸದವರಿಗೆಂದು ಬೇರೊಂದು ಲೋಟವನ್ನು ಮೂಲೆಯಲ್ಲಿಟ್ಟಿರುವ ಮನೆಗಳು ನಮ್ಮ ನಡುವೆ ಇಲ್ಲವೆಂದು ಯಾರು ಹೇಳಬಲ್ಲರು? ಆ ಲೋಟವನ್ನು ದಿನವೂ ನೋಡುತ್ತ ಬೆಳೆಯುವ ಮಗುವು ಶಾಲೆಯಲ್ಲಿ 17ನೆಯ ವಿಧಿಯನ್ನು ಬಾಯಿಪಾಠ ಮಾಡಿದರೆ ಏನು ಫಲ? ಅಸ್ಪೃಶ್ಯತೆಯನ್ನು ಅಳಿಸುವ ಶಾಸನವನ್ನು ದೆಹಲಿಯಲ್ಲಿ ಬರೆದಾಯಿತು. ಅದನ್ನು ನಡತೆಯಾಗಿ ಕಲಿಸಬೇಕಾದ ಪಾಠಶಾಲೆಯು ನಮ್ಮ ನಮ್ಮ ಅಡಿಗೆಮನೆಯೇ ಆಗಿದೆ.